ಯಾವ ಬೆಟ್ಟ ಎಂದು ಕೇಳಿದಿರಲ್ಲ, ಅತ್ತೆ

ಕಾಶಿವಾ, ಜಪಾನ್
ಜೂನ್, ಭಾನುವಾರ ಬೆಳಿಗ್ಗೆ

ಪ್ರೀತಿಯ ವೇದವಲ್ಲಿ ಅತ್ತೆಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ನಿಮ್ಮ ಮಂಡಿ ಹೇಗಿದೆ ಎಂದು ಮೊದಲು ಕೇಳಿಬಿಡುತ್ತೇನೆ, ಏಕೆಂದರೆ ಈ ಪತ್ರದ ಅರ್ಧ ಭಾರ ಆ ಮಂಡಿಯ ಮೇಲೇ ಇದೆ.

ಹೋದ ವಾರ ವಾಟ್ಸಾಪಿನಲ್ಲಿ ನೀವು ಕಳಿಸಿದ ಮಾತನ್ನು ಲ್ಯಾಬಿನಿಂದ ಮನೆಗೆ ನಡೆದು ಬರುವಾಗ ಕೇಳಿಸಿಕೊಂಡೆ. "ಜಾಹ್ನವಿ, ಚೀನಾದಲ್ಲಿ ಅಷ್ಟೊಂದು ಪವಿತ್ರ ಬೆಟ್ಟಗಳಿವೆಯಂತೆ. ಮೊದಲನೇ ಸಲ ಹೋಗೋರು ಎಲ್ಲಾ ನೋಡ್ತೀವಿ ಅಂತ ಹೊರಟು ಯಾವುದನ್ನೂ ನೋಡದೆ ವಾಪಸ್ ಬರ್ತಾರೆ. ನಾವು ಒಂದಕ್ಕೇ ಹೋಗೋಣ. ಯಾವುದು ಅಂತ ನೀನು ಹೇಳು. ಕಾರಣ ಸಹಿತ ಬರಿ. ಪೇಪರ್ ಮೇಲೆ ಬರಿ, ಫೋನಲ್ಲಿ ಹೇಳಿದ್ರೆ ನಾನು ಮಧ್ಯೆ ಬಾಯಿ ಹಾಕ್ತೀನಿ." ಭೂಗೋಳದ ಮೇಷ್ಟರು ನಿವೃತ್ತರಾದರೂ ಪ್ರಶ್ನೆಪತ್ರಿಕೆ ನಿವೃತ್ತವಾಗುವುದಿಲ್ಲ ಎಂದುಕೊಂಡು ದಾರಿಯಲ್ಲಿ ಒಬ್ಬಳೇ ನಕ್ಕೆ. ಎದುರಿಗೆ ಬಂದ ಸೈಕಲ್ಲಿನವನು ತನ್ನನ್ನೇ ನೋಡಿ ನಕ್ಕಳೆಂದು ತಲೆ ಬಗ್ಗಿಸಿ ಹೋದ.

ಕತೆ ಹೊಡೆದು ಕೊನೆಯಲ್ಲಿ ಉತ್ತರ ಬರೆಯುವ ಮಕ್ಕಳನ್ನು ಕಂಡರೆ ನಿಮಗಾಗುವುದಿಲ್ಲ. ಆದ್ದರಿಂದ ಉತ್ತರ ಮೊದಲೇ ಬರೆಯುತ್ತೇನೆ. ನಾವು ತಾಯ್‌ಶಾನ್‌ಗೆ ಹೋಗೋಣ. ಶಾಂಡೊಂಗ್ ಪ್ರಾಂತ್ಯದ ತಾಯ್‌ಶಾನ್, ಚೀನಾದವರು ಪೂರ್ವದ ಬೆಟ್ಟ ಎನ್ನುವುದು. ಇದರಲ್ಲಿ ನನಗೆ ಈಗ ಯಾವ ಅನುಮಾನವೂ ಇಲ್ಲ. ಎರಡು ವಾರದ ಹಿಂದೆ ಕೇಳಿದ್ದರೆ ಆ ಒಂದು ಬೆಟ್ಟ ಬಿಟ್ಟು ಬೇರೆ ಯಾವುದಾದರೂ ಸರಿ ಎನ್ನುತ್ತಿದ್ದೆ. ಆ ಎರಡು ವಾರಗಳಲ್ಲಿ ಏನಾಯಿತು ಎಂಬುದೇ ನೀವು ಕೇಳಿದ ಕಾರಣ.

ಮೊದಲು ಹ್ವಾಶಾನ್ ವಿಚಾರ ಮುಗಿಸುತ್ತೇನೆ. ನಿಮ್ಮ ಮನಸ್ಸು ಅದರ ಮೇಲಿದೆ ಎಂದು ನನಗೆ ಗೊತ್ತು. ಬಂಡೆಯ ಗೋಡೆಗೆ ಅಂಟಿಸಿದಂತೆ ಹಾಕಿದ ಹಲಗೆಯ ದಾರಿ, ಅದರ ಮೇಲೆ ಸರಪಳಿ ಹಿಡಿದು ಏಡಿಯಂತೆ ಅಡ್ಡಡ್ಡ ನಡೆಯುವ ಜನ, ಪಾದದ ಕೆಳಗೆ ಮೋಡ. ಆ ವಿಡಿಯೋ ಕಳಿಸಿ ಕೆಳಗೆ "ಇದು ಹೇಗೆ?" ಎಂದು ಬರೆದಿದ್ದಿರಿ. ಇದು ಬೇಡ, ಅತ್ತೆ. ನಿಮಗಲ್ಲ, ನನಗೆ. ಕಾರಣ ಮುಂದೆ ಹೇಳುತ್ತೇನೆ.

ಎಮೆಯ್‌ಶಾನ್ ಚೆನ್ನಾಗಿದೆ, ಮೇಲಿನ ತನಕ ಕೇಬಲ್ ಕಾರ್ ಇದೆ, ಆದರೆ ದಾರಿಯುದ್ದಕ್ಕೂ ಕೋತಿಗಳು ಚೀಲ ಕಸಿಯುತ್ತವಂತೆ. ಚಾಮುಂಡಿ ಬೆಟ್ಟದ ಕೋತಿಗಳ ಮೇಲೆ ನಿಮಗಿರುವ ಸಿಟ್ಟನ್ನು ಚೀನಾಕ್ಕೂ ಕೊಂಡೊಯ್ಯುವುದು ಬೇಡ. ವೂತಾಯ್‌ಶಾನ್ ದೂರ, ಚಳಿ ಜಾಸ್ತಿ. ಹಾಗೆ ನೋಡಿದರೆ ನಾನು ಒಲಿದದ್ದು ಪೂತ್ವೊಶಾನ್‌ಗೆ. ಅದು ಸಮುದ್ರದ ನಡುವಿನ ದ್ವೀಪ, ದೋಣಿಯಲ್ಲಿ ಹೋಗಬೇಕು. ನಮ್ಮ ಅವಲೋಕಿತೇಶ್ವರ ಅಲ್ಲಿ ಹೆಣ್ಣಾಗಿ, ಗ್ವಾನ್‌ಯಿನ್ ಎಂಬ ಹೆಸರಿನಲ್ಲಿ ನಿಂತಿದ್ದಾಳೆ. ಮಠಗಳಲ್ಲಿ ಅಪ್ಪಟ ಸಸ್ಯಾಹಾರ ಸಿಗುತ್ತದೆ. ಮಂಡಿಗೂ ಸುಖ. ದೋಣಿಯ ವೇಳೆಯನ್ನೂ ನೋಡಿಟ್ಟಿದ್ದೆ. ಒಂದೇ ಅಳುಕು, ಅದರ ಎತ್ತರ ಕೇಳಿದರೆ ನೀವು "ಇದನ್ನ ಬೆಟ್ಟ ಅಂತಾರಾ, ಗುಡ್ಡ ಅಂತಾರೆ" ಎನ್ನುತ್ತೀರಿ.

ತಾಯ್‌ಶಾನ್ ಬಗ್ಗೆಯೂ ಓದಿದ್ದೆ. ಮೊದಲ ಸಲ ಹೋಗುವವರಿಗೆ ಅದೇ ಸರಿ ಎಂದು ಎಲ್ಲ ಕಡೆಯೂ ಬರೆದಿತ್ತು. ಅರ್ಧ ಬೆಟ್ಟದವರೆಗೆ ಬಸ್ಸು, ಅಲ್ಲಿಂದ ಕೇಬಲ್ ಕಾರ್, ಮೇಲೆ ಸ್ವರ್ಗಬೀದಿ ಎಂಬ ಅಂಗಡಿಸಾಲು. ಚಕ್ರವರ್ತಿಗಳು ಹತ್ತಿದ ಬೆಟ್ಟ. ಓದುತ್ತಾ ಹೋದೆ. ತುದಿಯ ಹತ್ತಿರ ಒಬ್ಬ ದೇವಿಯ ಗುಡಿ ಇದೆ, ಜನ ಅವಳನ್ನು ತಾಯ್‌ಶಾನ್ ಅಜ್ಜಿ ಎನ್ನುತ್ತಾರೆ, ಹೆಂಗಸರು ಅವಳ ಹತ್ತಿರ ಮಗು ಕೇಳಲು ಬರುತ್ತಾರೆ ಎಂದಿತ್ತು. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ ಪಾತ್ರೆ ತೊಳೆದೆ. ಮಕ್ಕಳನ್ನು ಕೊಡುವ ದೇವರುಗಳ ಎದುರು ನಾನು ನಿಂತದ್ದು ಸಾಕಾಗಿತ್ತು. ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ಲ್ಯಾಬಿನಲ್ಲಿ ಫಾನ್ ಸಾನ್ ಎಂಬ ಚೀನಾದ ಹುಡುಗಿ ಇದ್ದಾಳೆ. ಹುಡುಗಿ ಎಂದರೆ ನನಗಿಂತ ಎರಡು ವರ್ಷ ಚಿಕ್ಕವಳು, ಮೂವತ್ತೆಂಟು. ನೀವು ಇಲ್ಲಿಗೆ ಬಂದಿದ್ದಾಗ ಅವಳಿನ್ನೂ ಸೇರಿರಲಿಲ್ಲ. ಅವಳ ಊರು ತಾಯ್‌ಆನ್, ತಾಯ್‌ಶಾನ್‌ನ ಬುಡದಲ್ಲೇ ಇರುವ ಪಟ್ಟಣ. ಚೀನಾದ ಯಾರನ್ನು ಕೇಳಿದರೂ ತಮ್ಮ ಊರಿನ ಬೆಟ್ಟವನ್ನೇ ಹೊಗಳುತ್ತಾರೆ. ಇವಳು ಮಾತ್ರ ನನಗೆ ಎಲ್ಲ ಬೆಟ್ಟಗಳ ಬಗ್ಗೆ ಹೇಳಿದಳು, ತನ್ನದರ ಬಗ್ಗೆ ಬಿಟ್ಟು. "ಪೂತ್ವೊಗೆ ಹೋಗಿ, ಸಮುದ್ರ ಚೆನ್ನಾಗಿದೆ" ಎಂದಳು. ನನಗೂ ಅದೇ ಬೇಕಿತ್ತು, ಹೆಚ್ಚು ಕೇಳಲಿಲ್ಲ.

ಆ ಹೊತ್ತಿಗೆ ನಿಮ್ಮ ಮಗ ಶ್ರೀಹರ್ಷನ ಫೋನ್ ಬಂತು. ಬೆಂಗಳೂರಿಗೆ ವಾಪಸ್ ಹೋದ ಮೇಲೆ ಅವನು ನನಗೆ ಫೋನ್ ಮಾಡಿದ್ದೇ ಅಪರೂಪ. ಜಗಳವಾಡುವ ದನಿಯಲ್ಲ, ಆಫೀಸಿನ ಕಾಲ್‌ನಲ್ಲಿ ಮಾತಾಡುವ ದನಿ. "ಜಾಹ್ನವಿ, ಪ್ಲೀಸ್ ಅಂಡರ್‌ಸ್ಟ್ಯಾಂಡ್. ಅಮ್ಮಂಗೆ ಎಪ್ಪತ್ತು ದಾಟಿದೆ. ಮಂಡಿ ಬೇರೆ. ಅಲ್ಲಿ ಏನಾದ್ರೂ ಆದ್ರೆ ಹಾಸ್ಪಿಟಲ್‌ನಲ್ಲಿ ಭಾಷೆ ಕೂಡ ಬರಲ್ಲ. ಆಮೇಲೆ ನಮ್ಮ ಕಡೆಯೋರು ಕೇಳ್ತಾರೆ. ಡಿವೋರ್ಸ್ ಆಗಿ ನಾಲ್ಕು ವರ್ಷ ಆಯ್ತು, ನೀನು ಅಮ್ಮನ್ನ ಕರ್ಕೊಂಡು ಟೂರ್ ಹೋಗ್ತೀಯಾ ಅಂದ್ರೆ ನಾನೇನ್ ಹೇಳ್ಲಿ? ನೀನು ಈಗ ಅವರಿಗೆ ಏನಾಗ್ಬೇಕು?"

ಯೋಚಿಸಿ ಹೇಳ್ತೀನಿ ಎಂದು ಫೋನ್ ಇಟ್ಟುಬಿಟ್ಟೆ, ಅತ್ತೆ. ಅವನೇ ನಿಮಗೂ ಹೇಳಿರಬೇಕು. ಬಹುಶಃ ಅದಕ್ಕೇ ನೀವು ಪೇಪರ್ ಮೇಲೆ ಬರಿ ಎಂದಿದ್ದು. ಹೊರಟವರು ಹೊರಟೇ ಹೊರಡುತ್ತೇವೆ ಎಂದು ಕೈಬರಹದಲ್ಲಿ ನೋಡಬೇಕಿತ್ತು ನಿಮಗೆ.

ಆ ಫೋನ್ ಬಂದ ವಾರದ ಶನಿವಾರ ನನ್ನ ಕಾಲನ್ನು ಪರೀಕ್ಷೆ ಮಾಡೋಣವೆಂದು ತ್ಸುಕುಬಾ ಬೆಟ್ಟಕ್ಕೆ ಹೊರಟೆ. ನೀವು ಇಲ್ಲಿದ್ದಾಗ ರೈಲಿನ ಕಿಟಕಿಯಿಂದ ತೋರಿಸಿದ್ದೆನಲ್ಲ, ಬಯಲಿನ ಮಧ್ಯೆ ಒಂಟಿಯಾಗಿ ನಿಂತ ಎರಡು ತಲೆಯ ಬೆಟ್ಟ. ಒಂದು ತಲೆ ಗಂಡು, ಇನ್ನೊಂದು ಹೆಣ್ಣು. ಹೆಣ್ಣು ಶಿಖರವೇ ಸ್ವಲ್ಪ ಎತ್ತರ ಎಂದಾಗ ನೀವು "ಅಳತೆ ಮಾಡಿದವರು ಪ್ರಾಮಾಣಿಕರು" ಎಂದಿದ್ದಿರಿ. ಫಾನ್ ಸಾನ್ ತಾನೂ ಬರುತ್ತೇನೆಂದಳು. ದೇವಸ್ಥಾನದ ಪಕ್ಕದಿಂದ ಹತ್ತಿದೆವು. ಬೇರುಗಳೇ ಮೆಟ್ಟಿಲಾದ ದಾರಿ. ಇಳಿದು ಬರುವ ಮುದುಕ ಮುದುಕಿಯರೆಲ್ಲ ನಮಗೆ ಕೊನ್ನಿಚಿವಾ ಎಂದು ನಮಸ್ಕಾರ ಹೇಳುತ್ತಿದ್ದರು, ನಮಗೆ ವಾಪಸ್ ಹೇಳಲು ಉಸಿರಿರಲಿಲ್ಲ. ಎರಡು ತಲೆಗಳ ನಡುವಿನ ಬಯಲು ಸಿಕ್ಕಾಗ ಉದೊನ್ ಶಾವಿಗೆ ತಿಂದೆವು. ಅಲ್ಲಿನ ಅಂಗಡಿಯಲ್ಲಿ ಕಪ್ಪೆಯ ಹೆಸರಿನ ಮುಲಾಮು ಮಾರುತ್ತಿದ್ದರು. ನಿಮ್ಮ ಮಂಡಿಗೆ ಒಂದು ಕೊಳ್ಳೋಣವೆಂದು ಕೈಗೆತ್ತಿಕೊಂಡು, ನಿಮ್ಮ ಮುಖ ನೆನಪಾಗಿ, ಅಲ್ಲೇ ಇಟ್ಟೆ.

ಹೆಣ್ಣು ಶಿಖರದ ತುದಿಯಲ್ಲಿ ಬರೀ ಬಂಡೆ. ಕಟಕಟೆ ಇಲ್ಲ. ಜನ ಅಲ್ಲಿ ಕೂತು ಆರಾಮಾಗಿ ಓನಿಗಿರಿ ಅನ್ನದುಂಡೆ ತಿನ್ನುತ್ತಾರೆ. ನಾನು ಬಂಡೆಯ ಮೇಲೆ ಕಾಲಿಟ್ಟು ಕೆಳಗಿನ ಬಯಲು ನೋಡಿದ್ದೇ ತಡ, ಕಾಲು ನನ್ನ ಮಾತು ಕೇಳಲಿಲ್ಲ. ಗಾಳಿ ಬೀಸಿದಂತೆಲ್ಲ ಬಂಡೆಯೇ ವಾಲಿದ ಹಾಗೆ. ಅಲ್ಲೇ ಕೂತೆ. ಮುಂದಕ್ಕೂ ಹೋಗಲಾರೆ, ಹಿಂದಕ್ಕೂ ಬರಲಾರೆ. ಹಿಂದೆ ಸಾಲು ನಿಂತ ಜನಕ್ಕೆ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಾ ಬಂಡೆಯನ್ನು ಅಪ್ಪಿಕೊಂಡು ಕೂತ ನಲವತ್ತು ವರ್ಷದ ವಿಜ್ಞಾನಿಯನ್ನು ಊಹಿಸಿಕೊಳ್ಳಿ. ಹ್ವಾಶಾನ್‌ನ ಹಲಗೆ ಏಕೆ ಬೇಡ ಎಂದು ಈಗ ತಿಳಿಯಿತಲ್ಲ?

ಫಾನ್ ಸಾನ್ ಬಂದು ಪಕ್ಕದಲ್ಲಿ ಕೂತು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಕೆಳಗೆ ನೋಡಬೇಡಿ. ಏನಾದರೂ ಮಾತಾಡಿ. ಅತ್ತೆಯ ಬಗ್ಗೆ ಹೇಳಿ. ಗಂಡನನ್ನು ಬಿಟ್ಟ ಮೇಲೂ ಅತ್ತೆಯ ಜೊತೆ ಪ್ರಯಾಣ ಹೋಗುವವರನ್ನು ನಾನು ನೋಡಿಲ್ಲ" ಎಂದಳು. ನಾವಿಬ್ಬರೂ ಮಾತಾಡುವುದು ಅರ್ಧ ಇಂಗ್ಲಿಷು, ಅರ್ಧ ಜಪಾನೀ. ಆ ಅರೆಬರೆ ಭಾಷೆಯಲ್ಲಿ, ಕಣ್ಣು ಮುಚ್ಚಿಕೊಂಡು, ನಾನು ಹೇಳಿದ್ದು ತೆಂಗಿನಕಾಯಿಯ ಕತೆ.

ನಿಮಗೆ ಅದು ಅಷ್ಟು ದೊಡ್ಡದಾಗಿ ನೆನಪಿದೆಯೋ ಇಲ್ಲವೋ. ನಾವು ಜಪಾನಿನಿಂದ ರಜೆಗೆ ಬಂದಾಗಲೆಲ್ಲ ನೀವು ನನ್ನನ್ನು ಒಂದೊಂದು ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದ ಕಾಲ. ಘಾಟಿಯಲ್ಲಿ ನಾಗನ ಕಲ್ಲಿಗೆ ಹಾಲೆರೆದೆವು. ಎಲ್ಲೆಲ್ಲಿ ಹೇಳಿದರೋ ಅಲ್ಲೆಲ್ಲ ತೊಟ್ಟಿಲು ಕಟ್ಟಿದೆವು. ಆಸ್ಪತ್ರೆಯ ಸೂಜಿಗಳು ಒಂದು ಕಡೆ, ಇದು ಒಂದು ಕಡೆ. ಕೊನೆಯ ಸಲ ಯಾವುದೋ ಊರಿನ ಗುಡಿಯಲ್ಲಿ ಒಬ್ಬರು ಹಿರಿಯ ಹೆಂಗಸು ನನ್ನ ಮಡಿಲಿಗೆ ತೆಂಗಿನಕಾಯಿ ಹಾಕಿ, ರಾತ್ರಿ ಇದನ್ನು ತಬ್ಬಿಕೊಂಡು ಮಲಗಬೇಕು, ಮಗು ಅಂತಲೇ ತಿಳಿದುಕೋಬೇಕು ಎಂದರು. ಕಾರಿನಲ್ಲಿ ಮೈಸೂರಿನವರೆಗೆ ಆ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನಾನು ಅಳಲಿಲ್ಲ. ಅಳದೇ ಇದ್ದುದನ್ನೇ ನೀವು ನೋಡಿರಬೇಕು. ಮನೆಗೆ ಬಂದವರೇ ನನ್ನ ಕೈಯಿಂದ ಕಾಯಿ ತೆಗೆದುಕೊಂಡು ಅಡುಗೆಮನೆಗೆ ಹೋದಿರಿ. ಬೆಳಿಗ್ಗೆ ತಟ್ಟೆಯಲ್ಲಿ ಇಡ್ಲಿ, ಪಕ್ಕದಲ್ಲಿ ಚಟ್ನಿ. "ತಿನ್ನು. ತೆಂಗಿನಕಾಯಿ ಇರೋದು ಚಟ್ನಿಗೆ" ಎಂದಿರಿ. ಹರ್ಷ ಗಾಬರಿಯಾಗಿ ನಿಮ್ಮ ಮುಖ ನೋಡಿದ. "ಇನ್ನು ಯಾವ ದೇವಸ್ಥಾನಕ್ಕೂ ಇವಳನ್ನ ಕರ್ಕೊಂಡು ಹೋಗಲ್ಲ. ಇವಳಾಗಿ ಬರ್ತೀನಿ ಅಂದ್ರೆ ಸರಿ" ಎಂದು ಅವನ ತಟ್ಟೆಗೂ ಒಂದು ಸೌಟು ಚಟ್ನಿ ಹಾಕಿದಿರಿ. ಆವತ್ತು ನಾನು ಎಷ್ಟು ಇಡ್ಲಿ ತಿಂದೆ ಎಂದು ನನಗೇ ಗೊತ್ತಿಲ್ಲ.

ಆಮೇಲೆ ನನ್ನ ಮತ್ತು ಹರ್ಷನ ಸಂಸಾರ ಉಳಿಯಲಿಲ್ಲ. ಅದಕ್ಕೆ ಮಗು ಒಂದೇ ಕಾರಣವಲ್ಲ, ಅವನೊಬ್ಬನೇ ತಪ್ಪಿತಸ್ಥನೂ ಅಲ್ಲ. ಆದರೆ ಕಾಗದಗಳಿಗೆಲ್ಲ ಸಹಿಯಾದ ದಿನ ಸಂಜೆ ನೀವು ಫೋನ್ ಮಾಡಿ, "ನನ್ನ ಕೇಳಿ ಡಿವೋರ್ಸ್ ಮಾಡ್ಕೊಂಡ್ರಾ ನೀವಿಬ್ರೂ? ನಾನ್ಯಾಕೆ ನಿನ್ನ ಬಿಡಲಿ? ಭಾನುವಾರ ಎಂದಿನ ಹೊತ್ತಿಗೆ ಫೋನ್ ಮಾಡು" ಎಂದಿರಿ. ಅದನ್ನೂ ಫಾನ್ ಸಾನ್‌ಗೆ ಹೇಳಿದೆ.

ಕಣ್ಣು ಬಿಟ್ಟು ನೋಡಿದರೆ ಅವಳು ಅಳುತ್ತಿದ್ದಳು. ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ತಾಯ್‌ಶಾನ್ ಬಗ್ಗೆ ಅವಳು ಬಾಯಿಬಿಟ್ಟದ್ದು ಆಗ. ಅವಳಿಗೆ ಅಪ್ಪ ಇಲ್ಲ, ಊರಲ್ಲಿ ಅಮ್ಮ ಒಬ್ಬರೇ. ಅವರು ಪ್ರತಿ ವಸಂತದಲ್ಲಿ ಬೆಟ್ಟ ಹತ್ತಿ ಆ ಅಜ್ಜಿದೇವಿಯ ಗುಡಿಯಲ್ಲಿ ಮಗಳಿಗೊಂದು ಮದುವೆ, ತನಗೊಂದು ಮೊಮ್ಮಗು ಎಂದು ಕೆಂಪು ಪಟ್ಟಿ ಕಟ್ಟಿ ಬರುತ್ತಾರೆ. ಮೊದಮೊದಲು ಇವಳೂ ಹೋಗುತ್ತಿದ್ದಳಂತೆ, ಅಮ್ಮನ ಚೀಲ ಹೊತ್ತುಕೊಂಡು. ಆಮೇಲೆ ಹೋಗುವುದನ್ನೇ ಬಿಟ್ಟಳು. ಹೊಸವರ್ಷಕ್ಕೂ ಊರಿಗೆ ಹೋಗುತ್ತಿಲ್ಲ. "ಜಗಳ ಏನೂ ಇಲ್ಲ. ಬೆಟ್ಟಕ್ಕೆ ಹೋಗೋಣ ಬಾ ಅಂತ ಅಮ್ಮ ಅಂತಾಳೆ, ಲ್ಯಾಬಲ್ಲಿ ಕೆಲಸ ಇದೆ ಅಂತ ನಾನು ಅಂತೀನಿ. ಅಷ್ಟೇ. ಆ ಬೆಟ್ಟ ಅಂದ್ರೆ ನನಗೆ ಎಷ್ಟು ಇಷ್ಟ ಗೊತ್ತಾ ನಿಮಗೆ? ಬೆಟ್ಟ ನನ್ನ ಏನೂ ಕೇಳಲ್ಲ. ಕೇಳೋಳು ಅಮ್ಮ" ಎಂದಳು.

ಆಮೇಲೆ ಬಹಳ ಸಂಕೋಚದಿಂದ, ಜಪಾನಿನವರು ಕೇಳುವ ಹಾಗೆ ಸುತ್ತಿ ಬಳಸಿ ಕೇಳಿದಳು. "ನಿಮಗೆ ತೊಂದರೆ ಇಲ್ಲದಿದ್ದರೆ, ನಿಮ್ಮ ಅತ್ತೆ ನಮ್ಮಮ್ಮನ್ನ ಒಂದು ಸಲ ನೋಡ್ತಾರಾ?"

ಅತ್ತೆ, ಆ ಬಂಡೆಯ ಮೇಲೆ ಕೂತಲ್ಲೇ ನನ್ನ ಮನಸ್ಸು ಗಟ್ಟಿಯಾಯಿತು. ಪೂತ್ವೊದ ದೋಣಿ ಅಲ್ಲೇ ಬಿಟ್ಟುಹೋಯಿತು. ದೇವಿಯ ಗುಡಿ ಎಂದು ಲ್ಯಾಪ್‌ಟಾಪ್ ಮುಚ್ಚಿದವಳು ನಾನು, ಊರಿನ ಬೆಟ್ಟದ ಹೆಸರೆತ್ತದೆ ಕೂತವಳು ಅವಳು. ಇಬ್ಬರು ಓದಿದ ಹೆಂಗಸರು ಒಂದು ಬೆಟ್ಟಕ್ಕೆ ಹೆದರಿ ತಪ್ಪಿಸಿಕೊಂಡು ತಿರುಗುವುದು ಎಷ್ಟು ದಿನ? ನಾನು ಅವಳಿಗೆ ಮಾತು ಕೊಡಲಿಲ್ಲ, ಕೇಳಿ ಹೇಳುತ್ತೇನೆ ಎಂದೆ. ಆಮೇಲೆ ಅವಳ ಭುಜ ಹಿಡಿದುಕೊಂಡು, ಕೂತೇ ಜಾರುತ್ತಾ, ಹೇಗೋ ಬಂಡೆಯಿಂದ ಈಚೆ ಬಂದೆ. ಪ್ಯಾಂಟಿನ ಹಿಂಭಾಗ ಹರಿದದ್ದು ರೈಲಿನಲ್ಲಿ ಗೊತ್ತಾಯಿತು.

ಅಂದು ಸಂಜೆಯೇ ಹರ್ಷನಿಗೆ ಫೋನ್ ಮಾಡಿದೆ. "ನಾನು ಅಮ್ಮಂಗೆ ಏನಾಗ್ಬೇಕು ಅಂತ ಕೇಳ್ದೆಯಲ್ಲ. ಸಂಬಂಧಕ್ಕೆ ಏನು ಹೆಸರಿದೆಯೋ ನಂಗೊತ್ತಿಲ್ಲ. ಅವರು ಕರೆದರೆ ನಾನು ಹೋಗ್ತೀನಿ, ನಾನು ಕರೆದರೆ ಅವರು ಬರ್ತಾರೆ. ನಿಮ್ಮ ಕಡೆಯೋರಿಗೆ ಹಾಗೇ ಹೇಳು" ಎಂದೆ. ಬಸ್ಸು ಎಲ್ಲಿಯವರೆಗೆ, ಕೇಬಲ್ ಕಾರ್ ಎಲ್ಲಿಂದ, ತಾಯ್‌ಆನ್‌ನ ದೊಡ್ಡಾಸ್ಪತ್ರೆ ಎಷ್ಟು ಹತ್ತಿರ, ಜೊತೆಗೆ ಅದೇ ಊರಿನ ಫಾನ್ ಸಾನ್ ಇರುತ್ತಾಳೆ ಎಂಬುದನ್ನೆಲ್ಲ ಹೇಳಿದೆ. ಅವನು ಕೇಳಿಸಿಕೊಂಡು, "ಅಮ್ಮಂಗೆ ಬೆಳಿಗ್ಗೆ ಕಾಫಿ ಆಗ್ದಿದ್ರೆ ತಲೆನೋವು ಬರುತ್ತೆ. ಅಲ್ಲಿ ಟೀ ಬಿಟ್ರೆ ಬೇರೆ ಸಿಗಲ್ಲ. ಸಣ್ಣ ಫಿಲ್ಟರ್ ಒಂದು ಇಟ್ಕೋ" ಎಂದ. ಆಮೇಲೆ, "ಶ್ರೀರಕ್ಷಾ ಆಗ್ಲೇ ಅಮ್ಮಂಗೆ ಶೂ ಕೊಡಿಸ್ಬಿಟ್ಟಿದಾಳೆ. ನಂಗೆ ಯಾರೂ ಏನೂ ಹೇಳಲ್ಲ ಈ ಮನೇಲಿ" ಎಂದ. ನಿಮ್ಮ ಹೊಸ ಸೊಸೆಗೆ ನನ್ನ ನಮಸ್ಕಾರ ಹೇಳಿ, ಅತ್ತೆ. ಆ ಶೂ ಹಾಕಿಕೊಂಡು ದಿನಾ ಕುಕ್ಕರಹಳ್ಳಿ ಕೆರೆ ಸುತ್ತಿ. ಹೊಸ ಶೂ ಬೆಟ್ಟದ ಮೇಲೆ ಕಚ್ಚಬಾರದು.

ಈಗ ನಿಮಗೆ ಒಪ್ಪಿಗೆಯಾಗುವ ಒಂದು ಕಾರಣ. ಮೂವತ್ತು ವರ್ಷ ನಕ್ಷೆಯ ಮೇಲೆ ಕೋಲಿಟ್ಟು, ಹ್ವಾಂಗ್ ಹೋ, ಚೀನಾದ ದುಃಖದ ನದಿ ಎಂದು ಹುಡುಗಿಯರಿಂದ ಹೇಳಿಸಿದ್ದೀರಿ. ಆಕಾಶ ತಿಳಿಯಾಗಿದ್ದರೆ ತಾಯ್‌ಶಾನ್‌ನ ತುದಿಯಿಂದ ಸಂಜೆ ಹೊತ್ತು ಆ ನದಿ ದೂರದಲ್ಲಿ ಚಿನ್ನದ ಜರಿಯಂತೆ ಕಾಣುತ್ತದಂತೆ. ಫಾನ್ ಸಾನ್ ಅಷ್ಟು ಸಲ ಹತ್ತಿಯೂ ಒಮ್ಮೆಯೂ ನೋಡಿಲ್ಲವಂತೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಕಾಣದಿದ್ದರೆ ನೀವು ಅದು ಯಾವ ದಿಕ್ಕಿಗಿದೆ ಎಂದು ಬೆರಳು ಮಾಡಿ ತೋರಿಸಿ. ನಾನು ನಂಬುತ್ತೇನೆ.

ಊಟದ ವಿಷಯದಲ್ಲಿ ಮಾತ್ರ ತಾಯ್‌ಶಾನ್‌ಗೆ ಅಂಕ ಕಡಿಮೆ. ಅಲ್ಲಿನವರು ಪೇಪರಿನಷ್ಟು ತೆಳುವಾದ ದೋಸೆಯಂಥದ್ದರಲ್ಲಿ ಹಸಿ ಈರುಳ್ಳಿ ದಂಟು ಸುತ್ತಿ ತಿನ್ನುತ್ತಾರೆ. ಅದನ್ನು ನೀವು ತಿನ್ನಬಹುದು. ಉಳಿದದ್ದಕ್ಕೆ ಗೊಜ್ಜವಲಕ್ಕಿ ಪುಡಿ ತನ್ನಿ. ಅಕ್ಟೋಬರ್ ಮೊದಲ ವಾರ ಅಲ್ಲಿ ದೇಶಕ್ಕೆಲ್ಲ ರಜೆ, ಬೆಟ್ಟದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ದಸರಾ ಮುಗಿಸಿ, ಗೊಂಬೆಗಳನ್ನು ಇಳಿಸಿ ಹೊರಡಿ. ಮೊದಲು ನರಿತಾ ವಿಮಾನ ನಿಲ್ದಾಣಕ್ಕೆ ಬನ್ನಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ. ನನ್ನ ಮನೆಯಲ್ಲಿ ನಾಲ್ಕು ದಿನ ಸುಧಾರಿಸಿಕೊಳ್ಳಿ, ನಿಮಗೆ ಇಷ್ಟವಾದ ಆ ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಎಲ್ಲರಿಗೂ ಸುಮಿಮಾಸೆನ್ ಹೇಳಿ ಬನ್ನಿ. ಆಮೇಲೆ ಫಾನ್ ಸಾನ್ ಸೇರಿ ಮೂವರೂ ಶಾಂಘೈ, ಅಲ್ಲಿಂದ ರೈಲು.

ಗುಡಿಗೆ ಹೋಗುವುದು ನಿಮ್ಮಿಷ್ಟ. ನಾನಂತೂ ಹೋಗುತ್ತೇನೆ. ಹೋಗಿ, ಕೈ ಮುಗಿದು, ಏನನ್ನೂ ಕೇಳದೆ ಹೊರಗೆ ಬರುತ್ತೇನೆ. ನನಗೆ ಬೇಕಾದದ್ದು ಯಾವುದೂ ಈಗ ಬಾಕಿ ಇಲ್ಲ. ಇದನ್ನು ಬರೆದ ಅಕ್ಷರ ಹೇಗಿದೆ, ನೀವೇ ನೋಡಿ.

ಫಾನ್ ಸಾನ್‌ನ ಅಮ್ಮನಿಗೆ ನೀವು ಏನು ಹೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಏನೂ ಹೇಳದೆ ಅವರ ಜೊತೆ ಕಲ್ಲುಕಟ್ಟೆಯ ಮೇಲೆ ಕೂತು ಬಿಸಿನೀರು ಕುಡಿದರೂ ಸರಿ. ಅವರ ಆಸೆ ಕೆಟ್ಟದ್ದಲ್ಲ, ಅದು ನನಗೂ ಗೊತ್ತು. ಅಂಥ ಆಸೆಯನ್ನು ಹೊತ್ತುಕೊಂಡು ಬೆಟ್ಟಬೆಟ್ಟ ತಿರುಗಿ, ಕೊನೆಗೆ ಅದನ್ನು ಇಳಿಸಿ ಮಗಳನ್ನು ಉಳಿಸಿಕೊಂಡ ಇನ್ನೊಬ್ಬ ಹೆಂಗಸು ಅವರ ಎದುರು ಕೂತಿದ್ದರೆ ಸಾಕು. ಭಾಷಾಂತರ ಮಾಡಲು ನಾವಿಬ್ಬರು ಇರುತ್ತೇವೆ. ನೀವು ಕನ್ನಡದಲ್ಲೇ ಮಾತಾಡಿ.

ನೀವು ಬರುತ್ತೀರೆಂದು ನಾನಿನ್ನೂ ಅವಳಿಗೆ ಹೇಳಿಲ್ಲ. ಆದರೂ ಶುಕ್ರವಾರ ಫಾನ್ ಸಾನ್ ಅಕ್ಟೋಬರ್ ಕೊನೆಗೆ ಊರಿಗೆ ಟಿಕೆಟ್ ತೆಗೆದುಬಿಟ್ಟಳು. ಎಷ್ಟೋ ವರ್ಷಗಳ ಮೇಲೆ. ಅಮ್ಮನಿಗೆ ಫೋನ್ ಮಾಡಿ, ನಾನು ಬರ್ತೀನಿ, ಬೆಟ್ಟಕ್ಕೂ ಬರ್ತೀನಿ, ಭಾರತದ ಇಬ್ಬರು ಹೆಂಗಸರೂ ಬರಬಹುದು ಎಂದಳಂತೆ. ಯಾರು, ಏನು, ಯಾಕೆ ಎಂದು ಅಮ್ಮ ಒಂದೂ ಕೇಳಲಿಲ್ಲವಂತೆ. ನಿನ್ನೆ ಅವಳಿಗೊಂದು ಫೋಟೋ ಬಂತು, ನನಗೂ ತೋರಿಸಿದಳು. ಊರಿನ ಮನೆಯ ಬಾಲ್ಕನಿ. ತಂತಿಯ ಮೇಲೆ ಸಾಲಾಗಿ ಮೂರು ಹತ್ತಿಯ ರಜಾಯಿ, ಅಕ್ಟೋಬರ್‌ನ ಅತಿಥಿಗಳಿಗೆಂದು ಜೂನ್ ಬಿಸಿಲಿನಲ್ಲಿ ಒಣಗುತ್ತಿವೆ.

ಬನ್ನಿ, ಅತ್ತೆ. ನಿಮ್ಮ ಮಂಡಿ ಗಟ್ಟಿಯಾಗಿರಲಿ, ಆ ದಿನದ ಆಕಾಶ ತಿಳಿಯಾಗಿರಲಿ. ನಿಮ್ಮ ಆಶೀರ್ವಾದವನ್ನು ಈ ಸಲ ಪತ್ರದಲ್ಲಿ ಕಳಿಸಬೇಡಿ, ನರಿತಾದಲ್ಲಿ ಬಗ್ಗಿ ಕಾಲು ಮುಟ್ಟಿ ನಾನೇ ತೆಗೆದುಕೊಳ್ಳುತ್ತೇನೆ.

ದಾರಿ ಕಾಯುತ್ತಿರುವ,
ನಿಮ್ಮ ಜಾಹ್ನವಿ